ಕೆಟಗರಿ 1 ಅಂದ್ರೆ ಮನೆಯಲ್ಲೇ ಇರಬಹುದಾ?

ಟ್ಯಾಂಪಾ_ಹೊಸಬಳು:
ನಾವು ಫ್ಲೋರಿಡಾದ ಟ್ಯಾಂಪಾ ಕಡೆ ಬಂದು ಇನ್ನೂ ವರ್ಷ ತುಂಬಿಲ್ಲ. ಬಾಡಿಗೆ ಮನೆ, ನೆಲ ಅಂತಸ್ತು. ಕೊಲ್ಲಿಯ ದಂಡೆಗೆ ನಡೆದುಕೊಂಡೇ ಹೋಗಬಹುದು. ಜೂನ್ 1ರಿಂದ ಹರಿಕೇನ್ (ಚಂಡಮಾರುತ) ಸೀಸನ್ ಶುರು. ಪಕ್ಕದ ಮನೆಯವರು ಇಲ್ಲೇ ಹುಟ್ಟಿ ಬೆಳೆದವರು. "ಕೆಟಗರಿ 3 ಬಂದ್ರೆ ನೋಡೋಣ, 1, 2 ಎಲ್ಲಾ ಸುಮ್ನೆ ಗಾಳಿಮಳೆ" ಅಂತಾರೆ. ಅತ್ತೆ ನಮ್ಮ ಜೊತೆಗಿದ್ದಾರೆ, ಅವರಿಗೆ ಮೆಟ್ಟಿಲು ಹತ್ತೋದು ಕಷ್ಟ. ಒಂದು ಬೆಕ್ಕೂ ಇದೆ. ಕೆಟಗರಿ ನೋಡಿ ನಿರ್ಧಾರ ಮಾಡೋದು ಸರಿನಾ? ಟಿವಿಯಲ್ಲಿ ತೋರಿಸೋ ಆ ಬಿಳಿ ಕೋನ್‌ನಿಂದ ನಮ್ಮನೆ ಹೊರಗಿದ್ದರೆ ಭಯ ಇಲ್ಲ ಅಲ್ವಾ?

ಕೊಲ್ಲಿದಂಡೆ:
ದಯವಿಟ್ಟು ಕೆಟಗರಿ ನಂಬಿಕೊಂಡು ಕೂರಬೇಡಿ. ಆ ನಂಬರ್ ಅಳೆಯೋದು ಗಾಳಿಯ ವೇಗ ಮಾತ್ರ. ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ 1, 252 ಮುಟ್ಟಿದರೆ 5. ನೀರು ಎಷ್ಟು ಬರುತ್ತೆ ಅನ್ನೋದು ಅದರಲ್ಲಿಲ್ಲ. ಆದರೆ ಜಾಸ್ತಿ ಜೀವ ತೆಗೆಯೋದು ನೀರೇ. ಒಂದೋ ಕಡಲು ಉಕ್ಕಿ ಒಳಗೆ ನುಗ್ಗುತ್ತೆ, ಇಲ್ಲ ಮಳೆಯಿಂದ ಪ್ರವಾಹ ಬರುತ್ತೆ.

ನಿಮ್ಮ ಕೊಲ್ಲಿಯಲ್ಲೇ ಆದದ್ದು ಹೇಳ್ತೀನಿ. 2024ರ ಸೆಪ್ಟೆಂಬರ್ 26, ಹೆಲೀನ್ ಹರಿಕೇನ್. ಅದರ ಕಣ್ಣು, ಅಂದ್ರೆ ನಡುಭಾಗ, ನಮ್ಮಿಂದ 160 ಕಿಲೋಮೀಟರ್‌ಗೂ ದೂರದಲ್ಲಿ, ಕಡಲ ಮೇಲೇ ಉತ್ತರಕ್ಕೆ ಹೋಗಿ ಪೆರಿ ಊರಿನ ಹತ್ತಿರ ದಡ ಹತ್ತಿತು. ಕೊನೆಯ ಮುನ್ಸೂಚನೆಗಳಲ್ಲಿ ಟ್ಯಾಂಪಾ ಕೋನ್‌ನ ಹೊರಗೇ ಇತ್ತು. ಆದರೂ ನಮ್ಮ ಪಕ್ಕದ ಊರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೀರು ಮಾಮೂಲಿ ಭರತದ ಮಟ್ಟಕ್ಕಿಂತ 6 ಅಡಿಗೂ ಮೇಲೆ ಬಂತು. ಆ ಊರಿರೋ ಪಿನೆಲಸ್ ಕೌಂಟಿಯಲ್ಲೇ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಹತ್ತಕ್ಕೂ ಹೆಚ್ಚು ಜನ ಸತ್ತರು. ಕೋನ್ ತೋರಿಸೋದು ಚಂಡಮಾರುತದ ನಡುಭಾಗ ಎಲ್ಲೆಲ್ಲಿ ಹೋಗಬಹುದು ಅಂತ ಮಾತ್ರ, ಅದು ಎಷ್ಟು ದೂರದವರೆಗೆ ಹರಡಿದೆ ಅಂತ ಅಲ್ಲ.

ನೀರು ಇಳಿದ ಮೇಲೆ ಒಬ್ಬ ಗೆಳೆಯರ ಮನೆ ಖಾಲಿ ಮಾಡಿಸೋಕೆ ಹೋಗಿದ್ದೆ. ಫ್ರಿಜ್ ತೇಲಿ ಹೋಗಿ ಅಡುಗೆಮನೆ ಬಾಗಿಲಿಗೆ ಅಡ್ಡ ಬಿದ್ದಿತ್ತು. ಒಳಗೆ ಹೋಗೋಕೆ ಹಿಂದಿನ ಕಿಟಕಿಯೇ ಗತಿ. ಸೊಂಟದ ಎತ್ತರಕ್ಕೆ ಗೋಡೆ ಸುತ್ತ ಕಂದು ಗೆರೆ. ಪ್ಲಗ್ ಪಾಯಿಂಟ್ ಬಿಚ್ಚಿದರೆ ಒಳಗೆ ಒದ್ದೆ ಮರಳು. ಆ ಮನೆಯ ಕಿಟಕಿ ಗಾಜು ಒಂದೂ ಒಡೆದಿರಲಿಲ್ಲ ಅನ್ನೋದನ್ನ ಗಮನಿಸಿ. ಗಾಳಿ ಏನೂ ಮಾಡಿರಲಿಲ್ಲ.

ಅದಾಗಿ ಎರಡು ವಾರಕ್ಕೆ ಮಿಲ್ಟನ್. ಅದು ನಮಗಿಂತ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಹತ್ತಿರ ದಡ ಮುಟ್ಟಿತು. ಇಲ್ಲಿ ಹರಿಕೇನ್ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತೆ. ಹಾಗಾಗಿ ನಮ್ಮ ಕಡೆ ಗಾಳಿ ನೆಲದಿಂದ ಕಡಲಿಗೆ ಬೀಸಿ ಕೊಲ್ಲಿಯ ನೀರನ್ನೇ ಆಚೆ ತಳ್ಳಿತು. ದಾರಿ ಸ್ವಲ್ಪ ಉತ್ತರಕ್ಕೆ ಸರಿದಿದ್ದರೆ ಕಥೆಯೇ ಬೇರೆ, ಗಾಳಿ ಕಡಲ ನೀರನ್ನ ಕೊಲ್ಲಿಯೊಳಕ್ಕೇ ತಳ್ಳುತ್ತಿತ್ತು.

ನೀವು ಇವತ್ತೇ ನೋಡಬೇಕಾದ್ದು ಮನೆಯ ಇವ್ಯಾಕ್ಯುಯೇಶನ್ ಜೋನ್, ಅಂದ್ರೆ ಅಪಾಯ ಬಂದಾಗ ಯಾವ ಜಾಗದವರನ್ನ ಯಾವಾಗ ಖಾಲಿ ಮಾಡಿಸಬೇಕು ಅಂತ ಮಾಡಿರೋ ವಿಭಾಗ. ಕೌಂಟಿ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿದರೆ A, B ಅಂತ ಅಕ್ಷರ ಬರುತ್ತೆ, A ಅಂದ್ರೆ ಎಲ್ಲರಿಗಿಂತ ಮೊದಲು ಹೊರಡಬೇಕಾದ ಜಾಗ. ಇನ್ಶೂರೆನ್ಸ್‌ನವರು ಹೇಳೋ ಫ್ಲಡ್ ಜೋನ್ ಬೇರೆ, ಅದನ್ನ ಇದಕ್ಕೆ ಬೆರೆಸಬೇಡಿ. ನಿಮ್ಮ ಅಕ್ಷರದವರು ಖಾಲಿ ಮಾಡಿ ಅಂತ ಆದೇಶ ಬಂದರೆ ಹೊರಡಿ, ಕೆಟಗರಿ ಎಷ್ಟೇ ಇರಲಿ.

ಹ್ಯೂಸ್ಟನ್_ಗೆಳೆಯ:
ಒಂದು ಮಾತು ಸೇರಿಸ್ತೀನಿ. ಹೊರಡೋದು ಅಂದ್ರೆ ಬೇರೆ ರಾಜ್ಯಕ್ಕೆ ಓಡೋದು ಅಂತ ಅಲ್ಲ. 2005ರಲ್ಲಿ ರೀಟಾ ಹರಿಕೇನ್ ಬರುತ್ತೆ ಅಂತ ನಮ್ಮ ಹ್ಯೂಸ್ಟನ್ ಕಡೆ ಲಕ್ಷಾಂತರ ಜನ ಒಟ್ಟಿಗೆ ಹೆದ್ದಾರಿಗೆ ಇಳಿದರು. ಕಟ್ರೀನಾ ಹರಿಕೇನ್ ಆಗಿ ಇನ್ನೂ ತಿಂಗಳಾಗಿರಲಿಲ್ಲ, ಎಲ್ಲರಿಗೂ ಅದೇ ಕಣ್ಣ ಮುಂದೆ. ಬಿಸಿಲಲ್ಲಿ ಗಾಡಿಗಳು ನಿಂತಲ್ಲೇ ನಿಂತವು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್‌ಗೆ ಬೆಂಕಿ ಹತ್ತಿ 23 ಜನ ಸತ್ತರು. ನೀರು ಬರದ ಎತ್ತರದ ಜಾಗ, ಗಟ್ಟಿ ಕಟ್ಟಡ, ಅಷ್ಟು ಸಾಕು. ಹತ್ತಿಪ್ಪತ್ತು ಮೈಲಿ ದೂರದಲ್ಲೇ ಸಿಗಬಹುದು.

ಟ್ಯಾಂಪಾ_ಹೊಸಬಳು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಜೋನ್ ನೋಡಿದೆ, A ಬಂತು. ಪಕ್ಕದ ಮನೆಯವರಿಗೆ ಹೇಗೆ ಹೇಳೋದು? "ಇಷ್ಟು ವರ್ಷದಲ್ಲಿ ನಮ್ಮನೆಗೆ ನೀರೇ ಬಂದಿಲ್ಲ" ಅಂತಾರೆ.

ಕೊಲ್ಲಿದಂಡೆ:
ಅವರನ್ನ ಹಠಮಾರಿ ಅಂತ ನಾನು ಅನ್ನಲ್ಲ. ಹೋದ ಸಲ ಏನೂ ಆಗಿಲ್ಲ ಅನ್ನೋದು ಮನಸ್ಸಿಗೆ ದೊಡ್ಡ ಸಾಕ್ಷಿ. ಮಿಸಿಸಿಪಿ ತೀರದಲ್ಲಿ 1969ರ ಕಮೀಲ್ ಹರಿಕೇನ್ ಕೆಟಗರಿ 5 ಆಗಿತ್ತು. ಅದರಲ್ಲೇ ನಮ್ಮನೆಗೆ ನೀರು ಬರಲಿಲ್ಲ ಅಂತ 2005ರಲ್ಲಿ ಕಟ್ರೀನಾ ಬಂದಾಗ ಎಷ್ಟೋ ಜನ ಉಳಿದುಕೊಂಡರು. ಕಟ್ರೀನಾ ದಡ ಮುಟ್ಟಿದ್ದು ಕೆಟಗರಿ 3 ಆಗಿ. ಆದರೆ ಅದು ತುಂಬಾ ಅಗಲವಾಗಿ ಹರಡಿತ್ತು, ಕೆಲವು ಕಡೆ ನೀರು 27 ಅಡಿ ಮೀರಿತು.

ಹೋಗದೇ ಇರೋಕೆ ಬೇರೆ ಕಾರಣಗಳೂ ಇರುತ್ತವೆ. ಹೋಟೆಲ್‌ಗೆ ದುಡ್ಡಿರಲ್ಲ, ಕಾರಿರಲ್ಲ, ರಜೆ ಸಿಗಲ್ಲ, ಸಾಕುಪ್ರಾಣಿ ಬಿಟ್ಟು ಹೋಗೋಕೆ ಮನಸ್ಸಾಗಲ್ಲ. ಅದಕ್ಕೇ ವಾದ ಮಾಡಬೇಡಿ. "ನಾವು ಹೊರಡ್ತಿದ್ದೀವಿ, ಕಾರಲ್ಲಿ ಎರಡು ಸೀಟಿದೆ, ಬರ್ತೀರಾ?" ಅಂತ ಕೇಳಿ.

ಅತ್ತೆಯವರ ಹೆಸರನ್ನು ಕೌಂಟಿಯ ಸ್ಪೆಷಲ್ ನೀಡ್ಸ್ ಪಟ್ಟಿಗೆ (ಹೊರಡೋಕೆ ವಿಶೇಷ ನೆರವು ಬೇಕಾದವರ ಪಟ್ಟಿ) ಈಗಲೇ ಸೇರಿಸಿ. ಗಾಡಿ ವ್ಯವಸ್ಥೆ ಬೇಕಾದ್ರೆ ಅದನ್ನೂ ಬರೆಸಿ. ಬೆಕ್ಕಿಗೆ ಪಂಜರ, ಲಸಿಕೆ ಚೀಟಿ ರೆಡಿ ಇರಲಿ. ಸಾಕುಪ್ರಾಣಿ ಬಿಡೋ ಶೆಲ್ಟರ್ ಯಾವುದು ಅಂತ ಕೌಂಟಿಯವರನ್ನೇ ಕೇಳಿ. ಎಲ್ಲ ಶೆಲ್ಟರ್‌ನಲ್ಲೂ ಬಿಡಲ್ಲ. ಹೊರಡೋದು ಹಗಲಲ್ಲೇ ಇರಲಿ, ಗಾಳಿ ಜೋರಾದ ಮೇಲೆ ಕೊಲ್ಲಿಯ ಸೇತುವೆಗಳನ್ನ ಮುಚ್ಚುತ್ತಾರೆ.