ಮುತ್ತಿನ ಸರದ ಗಿಡ ಸುಕ್ಕುಗಟ್ಟಿದೆ, ನೀರು ಹಾಕಿದರೂ ಕಾಳು ತುಂಬಿಕೊಳ್ಳುತ್ತಿಲ್ಲ

ಬಾಲ್ಕನಿತೋಟ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನರ್ಸರಿಯಿಂದ ಒಂದು ಸ್ಟ್ರಿಂಗ್ ಆಫ್ ಪರ್ಲ್ಸ್ ತಂದೆ. ಹಸಿರು ಬಟಾಣಿ ಪೋಣಿಸಿದ ಹಾಗೆ ಎಳೆಗಳು ಇಳಿಬಿದ್ದಿರುತ್ತವಲ್ಲ, ಅದೇ. ಹಾಲ್‌ನಲ್ಲಿ ಕಿಟಕಿ ಪಕ್ಕ ತೂಗುಹಾಕಿದ್ದೇನೆ. ಎರಡು ತಿಂಗಳು ಚೆನ್ನಾಗಿತ್ತು. ಎಳೆಗಳು ಒಂದೂವರೆ ಅಡಿ ಇಳಿದಿದ್ದವು.

ಪಂಚಮಿಗೆ ತವರಿಗೆ ಹೋಗಿ ಐದು ದಿನಕ್ಕೆ ವಾಪಸ್ ಬಂದೆ. ನೋಡಿದರೆ ಕಾಳುಗಳೆಲ್ಲ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿವೆ. ನೀರು ಸಾಲಲಿಲ್ಲ ಅಂದುಕೊಂಡು ಅವತ್ತೇ ಒಂದು ತಂಬಿಗೆ ಹಾಕಿದೆ. ಎರಡು ದಿನ ಬಿಟ್ಟು ಮತ್ತೆ ಹಾಕಿದೆ. ಇವತ್ತಿಗೆ ಒಂಬತ್ತು ದಿನ, ಒಂದು ಕಾಳೂ ತುಂಬಿಕೊಂಡಿಲ್ಲ. ಕುಂಡದ ಬಾಯಿಯ ಹತ್ತಿರ ನಾಲ್ಕೈದು ಎಳೆ ಬೋಳಾಗಿವೆ. ಮೇಲಿನ ಮಣ್ಣು ಮುಟ್ಟಿದರೆ ಒಣಗಿಯೇ ಇದೆ. ಇನ್ನೂ ಜಾಸ್ತಿ ನೀರು ಬೇಕಾ? ಗೊಬ್ಬರ ಹಾಕಲಾ? ಮಗಳ ಹುಟ್ಟುಹಬ್ಬಕ್ಕೆ ತಂದ ಗಿಡ ಇದು. ಹೊಸ ಕಾಳು ಎಷ್ಟು ಬಂದವು ಅಂತ ಅವಳು ದಿನಾ ಎಣಿಸುತ್ತಿದ್ದಳು. ಹೇಗಾದರೂ ಉಳಿಸಿಕೊಳ್ಳಬೇಕು.

ಗಾಳಿಯೂರು, ಗದಗ

ಅಕ್ಕಾರೇ, ಸುಕ್ಕುಗಟ್ಟಿದೆ ಅಂದರೆ ಬಾಯಾರಿದೆ ಅಂತಲೇ. ನನ್ನ ಗಿಡಕ್ಕೂ ಏಪ್ರಿಲ್‌ನಲ್ಲಿ ಹೀಗೇ ಆಗಿತ್ತು. ನಮ್ಮ ಕಡೆ ಬೇಸಿಗೆಯ ಒಣಗಾಳಿಗೆ ಕುಂಡ ಎರಡೇ ದಿನಕ್ಕೆ ಒಣಗುತ್ತದೆ. ಬಕೆಟ್‌ನಲ್ಲಿ ನಾಲ್ಕು ಬೆರಳು ನೀರು ಹಿಡಿದು ಕುಂಡವನ್ನು ಅದರಲ್ಲಿ ಅರ್ಧ ತಾಸು ಇಟ್ಟಿದ್ದೆ. ಮರುದಿನ ಸಂಜೆಗೆ ಕಾಳೆಲ್ಲ ಗುಂಡಗಾಗಿದ್ದವು. ನೀವೂ ಮಾಡಿ ನೋಡಿ.

ಕೆಂಪುಮಣ್ಣು, ಧಾರವಾಡ

ಅಕ್ಕಾರೇ, ಬಕೆಟ್‌ನಲ್ಲಿ ಇಡುವ ಮುಂಚೆ ಸ್ವಲ್ಪ ತಡೆಯಿರಿ. ಗದಗದವರು ಹೇಳಿದ್ದು ಏಪ್ರಿಲ್ ಮಾತು. ಈಗ ಶ್ರಾವಣ. ನಮ್ಮಲ್ಲಿ ವಾರದಿಂದ ಜಿಟಿಜಿಟಿ ಮಳೆ, ಒಗೆದ ಬಟ್ಟೆಯೇ ಒಣಗುತ್ತಿಲ್ಲ. ಇಂಥ ಹವೆಯಲ್ಲಿ ಐದು ದಿನ ನೀರಿಲ್ಲದಿದ್ದರೆ ಈ ಗಿಡಕ್ಕೆ ಏನೂ ಆಗುವುದಿಲ್ಲ. ಮೂರು ವಾರವೂ ತಡೆಯುತ್ತದೆ.

ನಿಜವಾಗಿ ಬಾಯಾರಿದ್ದರೆ ನೀರು ಕುಡಿದ ಒಂದೆರಡು ದಿನದಲ್ಲಿ ಕಾಳು ತುಂಬಿಕೊಳ್ಳಬೇಕು. ಒಂಬತ್ತು ದಿನವಾದರೂ ತುಂಬಿಲ್ಲ ಅಂದರೆ ಕುಡಿಯುವ ಬೇರೇ ಇಲ್ಲ ಅಂತ ನನ್ನ ಅನುಮಾನ. ಬೇರು ಕೊಳೆತರೂ ಕಾಳು ಸುಕ್ಕುಗಟ್ಟುತ್ತದೆ. ನಾವು ಮೋಸ ಹೋಗುವುದು ಇಲ್ಲೇ.

ಮೂರು ವಿಷಯ ನೋಡಿ ಹೇಳಿ. ಉದಿನಕಡ್ಡಿ ಉರಿದ ಮೇಲೆ ಉಳಿಯುವ ಬಿದಿರು ಕಡ್ಡಿಯನ್ನು ಕುಂಡದ ನಟ್ಟನಡುವೆ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ಹಸಿಯಾಗಿದೆಯಾ? ಬೋಳಾದ ಎಳೆಯನ್ನು ಮೆಲ್ಲಗೆ ಜಗ್ಗಿದರೆ ಕೈಗೇ ಬರುತ್ತದಾ? ಕೊಕ್ಕೆ ಎಲ್ಲಿದೆ, ಕಿಟಕಿಯ ಎತ್ತರಕ್ಕಾ ಅಥವಾ ಅದಕ್ಕಿಂತ ಮೇಲಾ? ಮತ್ತೆ, ನೀವು ಊರಲ್ಲಿ ಇಲ್ಲದಾಗ ಯಾರಾದರೂ ನೀರು ಹಾಕಿದ್ದರಾ?

ಬಾಲ್ಕನಿತೋಟ, ಹುಬ್ಬಳ್ಳಿ

ಸರ್, ಈಗ ತಾನೇ ಮನೆಯವರನ್ನು ಕೇಳಿದೆ. ಗಿಡ ಒಣಗಬಾರದು ಅಂತ ಪಾಪ, ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಾಕಿದ್ದಾರಂತೆ. ಅದರ ಮೇಲೆ ನನ್ನ ಎರಡು ತಂಬಿಗೆ.

ಕಡ್ಡಿ ಚುಚ್ಚಿದೆ. ಮೇಲಿನ ಒಂದು ಇಂಚು ಒಣಗಿದೆ, ಕೆಳಗೆಲ್ಲ ಕಪ್ಪಗೆ ಹಸಿ. ಮೂಸಿದರೆ ಚರಂಡಿ ವಾಸನೆ. ಎಳೆ ಜಗ್ಗಿದರೆ ಮೂರು ಹಾಗೇ ಕೈಗೆ ಬಂದವು, ಬುಡ ಕಂದಾಗಿ ದಾರದ ಹಾಗೆ ಸಣ್ಣಗಾಗಿದೆ. ಕೊಕ್ಕೆ ಕಿಟಕಿಗಿಂತ ಒಂದೂವರೆ ಅಡಿ ಮೇಲಿದೆ.

ಕೆಂಪುಮಣ್ಣು, ಧಾರವಾಡ

ಹಾಗಿದ್ದರೆ ಇವತ್ತೇ ಕುಂಡದಿಂದ ತೆಗೆಯಿರಿ, ನಾಳೆ ಅನ್ನಬೇಡಿ. ನಡುವೆ ಒಂದು ಗಟ್ಟಿ ಉಂಡೆ ಸಿಗುತ್ತದಾ ನೋಡಿ. ಸಸಿ ಬೆಳೆಸುವಾಗ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ಉಂಡೆಯಲ್ಲಿ ಬೇರು ಬಿಡಿಸಿ, ಮಾರುವಾಗ ಅದೇ ಉಂಡೆಯನ್ನು ದೊಡ್ಡ ಕುಂಡಕ್ಕೆ ಇಳಿಸುವುದುಂಟು. ಹೊರಗಿನ ಮಣ್ಣು ಒಣಗಿದರೂ ಆ ಉಂಡೆ ನೀರು ಬಿಡುವುದಿಲ್ಲ. ನೀವು ಮೇಲೆ ಮುಟ್ಟಿ ಒಣಗಿದೆ ಅನ್ನುತ್ತೀರಿ, ಒಳಗೆ ಬೇರು ನೀರಲ್ಲೇ ಕೂತಿರುತ್ತದೆ.

ಬಾಲ್ಕನಿತೋಟ, ಹುಬ್ಬಳ್ಳಿ

ತೆಗೆದೆ. ನೀವು ಹೇಳಿದ್ದು ಸರಿಯಾಗಿಯೇ ಇತ್ತು. ನಿಂಬೆಹಣ್ಣಿನಷ್ಟು ಉಂಡೆ, ಸುತ್ತ ಬಿಳಿ ಜಾಳಿಗೆಯ ಬಟ್ಟೆ. ಹಿಂಡಿದರೆ ನೀರು ಸೋರಿತು. ಬಿಳಿ ಬೇರು ಒಂದೂ ಇಲ್ಲ. ಕಂದು ಬೇರು ಹಿಡಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿಯುತ್ತದೆ. ಎಳೆಗಳ ಕೆಳಗಿನ ಅರ್ಧದಲ್ಲಿ ಕಾಳು ಸುಕ್ಕಾಗಿದ್ದರೂ ಹಸಿರಾಗಿವೆ, ಕಡ್ಡಿ ಗಟ್ಟಿ ಇದೆ. ಇಷ್ಟರಿಂದ ಏನಾದರೂ ಆದೀತಾ?

ಕೆಂಪುಮಣ್ಣು, ಧಾರವಾಡ

ಖಂಡಿತ ಆಗುತ್ತದೆ. ಹಸಿರು ಕಡ್ಡಿ ಇದ್ದರೆ ಗಿಡ ಇದ್ದ ಹಾಗೇ.

ಇದರ ಮೂಲ ದಕ್ಷಿಣ ಆಫ್ರಿಕಾದ ಒಣ ಸೀಮೆ. ಅಲ್ಲಿ ಇದು ತೂಗಾಡುವುದಿಲ್ಲ. ಕಲ್ಲು, ಕುರುಚಲು ಗಿಡಗಳ ಅರೆನೆರಳಲ್ಲಿ ನೆಲದ ಮೇಲೆ ಹರಿಯುತ್ತದೆ, ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ತೂಗುಹಾಕಿದ್ದು ನಾವು. ಹಾಗಾಗಿ ನೀವು ಮಾಡಬೇಕಾದ್ದು, ಅದನ್ನು ಮತ್ತೆ ನೆಲದ ಮೇಲೆ ಮಲಗಿಸುವುದು.

ಗಟ್ಟಿ ಇರುವ ಭಾಗವನ್ನು ನಾಲ್ಕೈದು ಇಂಚಿನ ತುಂಡು ಮಾಡಿ. ಕತ್ತರಿಯನ್ನು ಮೊದಲು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಕಂದು ಬಣ್ಣ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅರ್ಧ ಇಂಚು ಮುಂದೆ ಕತ್ತರಿಸಿ. ಒತ್ತಿದರೆ ಪಿಚಕ್ಕನೆ ಒಡೆಯುವ ಹಳದಿ ಕಾಳು ತೆಗೆದುಬಿಡಿ. ತುಂಡುಗಳನ್ನು ಪೇಪರ್ ಮೇಲೆ ನೆರಳಲ್ಲಿ ಎರಡು ದಿನ ಬಿಡಿ. ಈ ಮಳೆಗೆ ಮೂರು ದಿನವಾದರೂ ಅಡ್ಡಿಯಿಲ್ಲ. ಕತ್ತರಿಸಿದ ಬಾಯಿ ಒಣಗಬೇಕು. ಒಣಗದೆ ಮಣ್ಣಿಗಿಟ್ಟರೆ ಮತ್ತೆ ಕೊಳೆಯುತ್ತದೆ.

ಮಣ್ಣಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನು ಎರಡು ಗಿಡ ಕಳೆದುಕೊಂಡದ್ದು ಮಣ್ಣಿನಿಂದಲೇ. ಹುಬ್ಬಳ್ಳಿ ಎರೆ ಮಣ್ಣು ಒಂದು ಹಿಡಿಯೂ ಬೇಡ. ಹತ್ತಿ, ಕಡಲೆಗೆ ಅದು ಬಂಗಾರ. ಆದರೆ ಕುಂಡದಲ್ಲಿ ಹಸಿಯಾದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿದು ಸಣ್ಣ ಬೇರು ಹರಿಯುತ್ತದೆ. ಒಂದು ಪಾಲು ಕೋಕೋಪೀಟ್ ಅಥವಾ ಹಳೆಯ ಎಲೆಗೊಬ್ಬರ, ಒಂದು ಪಾಲು ಜರಡಿ ಹಿಡಿದ ಗರಸು, ಒಂದು ಪಾಲು ಇಟ್ಟಂಗಿ ಚೂರು. ಚೂರು ಜೋಳದ ಕಾಳಿನಷ್ಟು ಇರಲಿ, ದೂಳು ತೊಳೆದು ಹಾಕಿ. ಪರ್ಲೈಟ್ ಅಂತ ಹಗುರವಾದ ಬಿಳಿ ಹರಳು ಬರುತ್ತದೆ, ಸಿಕ್ಕರೆ ಅದೂ ಆದೀತು. ನುಣ್ಣನೆಯ ಮರಳು ಮಾತ್ರ ಬೇಡ, ಸಂದಿಯಲ್ಲಿ ಕೂತು ಗಾಳಿಗೆ ಜಾಗ ಬಿಡುವುದಿಲ್ಲ. ಕುಂಡ ಅಗಲ ಇರಲಿ, ಆಳ ನಾಲ್ಕು ಇಂಚು ಸಾಕು. ತಳದಲ್ಲಿ ತೂತು ಇರಲೇಬೇಕು. ಸುಟ್ಟ ಮಣ್ಣಿನ ಕುಂಡವಾದರೆ ಇನ್ನೂ ಒಳ್ಳೆಯದು.

ತುಂಡುಗಳನ್ನು ಹೂಳಬೇಡಿ. ಜಿಲೇಬಿಯ ಹಾಗೆ ಸುತ್ತಿ ಮಣ್ಣಿನ ಮೇಲೆ ಮಲಗಿಸಿ. ಹೇರ್‌ಪಿನ್ ಚುಚ್ಚಿದರೆ ಅಲುಗಾಡುವುದಿಲ್ಲ. ಕಾಳು ಕಡ್ಡಿಗೆ ಸೇರುವ ಗಂಟಿನಿಂದಲೇ ಬೇರು ಬರುತ್ತದೆ, ಆ ಗಂಟು ಮಣ್ಣಿಗೆ ತಾಗಿರಬೇಕು ಅಷ್ಟೇ. ಮೂರ್ನಾಲ್ಕು ದಿನ ಬಿಟ್ಟು ಮೇಲ್ಮಣ್ಣು ಒದ್ದೆಯಾಗುವಷ್ಟು ಮಾತ್ರ ನೀರು ಚಿಮುಕಿಸಿ. ಗೊಬ್ಬರ ಈಗ ಬೇಡವೇ ಬೇಡ.

ಕೊನೆಗೆ ಬೆಳಕು. ಕುಂಡದ ಬಾಯಿ ಬೋಳಾದದ್ದಕ್ಕೆ ಕೊಕ್ಕೆಯ ಪಾಲೂ ಇದೆ. ಕಿಟಕಿಗಿಂತ ಮೇಲೆ ಕಟ್ಟಿದರೆ ಎಳೆಗಳಿಗೆ ಬೆಳಕು, ಬುಡಕ್ಕೆ ಕತ್ತಲು. ಕತ್ತಲಲ್ಲಿ ಮಣ್ಣೂ ಒಣಗುವುದಿಲ್ಲ. ಪೂರ್ವದ ಕಿಟಕಿಯ ಕಟ್ಟೆಯ ಮೇಲೆ ಇಡಿ, ಬೆಳಗಿನ ಎಳೆಬಿಸಿಲು ಕುಂಡದ ಮೇಲೇ ಬೀಳಲಿ.

ಗಾಳಿಯೂರು, ಗದಗ

ನನ್ನ ಸಲಹೆ ವಾಪಸ್ ತಗೊಳ್ಳುತ್ತೇನೆ ಅಕ್ಕಾರೇ. ನೀವು ಬಕೆಟ್‌ನಲ್ಲಿ ಇಡಲಿಲ್ಲ, ಒಳ್ಳೆಯದಾಯಿತು. ನಾನೂ ಇವತ್ತು ನನ್ನ ಕುಂಡಕ್ಕೆ ಕಡ್ಡಿ ಚುಚ್ಚಿ ನೋಡಿದೆ, ಒಣಗಿಯೇ ಬಂತು. ಅಂದ ಹಾಗೆ ಇದು ಸೇವಂತಿಗೆ, ಸೂರ್ಯಕಾಂತಿ ಬಳಗದ ಗಿಡ ಅಂತ ನನಗೆ ಗೊತ್ತಾದದ್ದು ಹೂ ಬಿಟ್ಟಾಗಲೇ. ಬಿಳಿ ಕುಚ್ಚಿನ ಹಾಗಿರುವ ಪುಟ್ಟ ಹೂ, ಮೂಗಿನ ಹತ್ತಿರ ಹಿಡಿದರೆ ದಾಲ್ಚಿನ್ನಿ ಪರಿಮಳ.

ಬೆಕ್ಕಿನಮನೆ, ಹಾವೇರಿ

ನಡುವೆ ಒಂದು ಮಾತು. ಕಿಟಕಿ ಕಟ್ಟೆ ಅಂದಿರಲ್ಲ, ಮನೆಯಲ್ಲಿ ಮಗು ಇದೆ ಅಂತಲೂ ಓದಿದೆ. ನೋಡಲು ಬಟಾಣಿಯಂತಿದ್ದರೂ ತಿನ್ನುವಂಥದ್ದಲ್ಲ. ಬೆಕ್ಕು, ನಾಯಿ ತಿಂದರೆ ವಾಂತಿ ಆಗುತ್ತದೆ. ಕತ್ತರಿಸುವಾಗ ಬರುವ ರಸ ಕೆಲವರಿಗೆ ಚರ್ಮದ ಮೇಲೆ ತುರಿಕೆ ತರುತ್ತದೆ. ಕೈ ತೊಳೆದುಕೊಳ್ಳಿ, ಮಗಳಿಗೂ ಹೇಳಿಡಿ.

ಬಾಲ್ಕನಿತೋಟ, ಹುಬ್ಬಳ್ಳಿ

ಹೇಳಿದ್ದೇನೆ. ಎಣಿಸಬಹುದು, ಬಾಯಿಗೆ ಹಾಕಬಾರದು ಅಂತ ಒಪ್ಪಿದ್ದಾಳೆ. ಹನ್ನೊಂದು ತುಂಡು ಸಿಕ್ಕವು. ಸುತ್ತಿ ಮಲಗಿಸಿ ಕಿಟಕಿಗೆ ಇಟ್ಟಿದ್ದೇನೆ.

ಬಾಲ್ಕನಿತೋಟ, ಹುಬ್ಬಳ್ಳಿ

ಗಣಪತಿ ಕಳಿಸಿ ಬಂದು ಬರೆಯುತ್ತಿದ್ದೇನೆ. ಹನ್ನೊಂದರಲ್ಲಿ ಎರಡು ಕೊಳೆತವು, ತೆಗೆದೆ. ಉಳಿದ ಒಂಬತ್ತರಲ್ಲಿ ಒಂದರ ಹೇರ್‌ಪಿನ್ ಸಡಿಲಿಸಿ ಮೆಲ್ಲಗೆ ಎತ್ತಿದೆ, ಬರಲಿಲ್ಲ. ಬಗ್ಗಿ ನೋಡಿದರೆ ಗಂಟಿನ ಕೆಳಗೆ ಕೂದಲಿನಂಥ ಬಿಳಿ ಬೇರು ಮಣ್ಣಿಗೆ ಇಳಿದಿದೆ. ಕಾಳುಗಳ ಸುಕ್ಕು ಅರ್ಧ ಹೋಗಿದೆ. ಮನೆಯವರು ಈಗ ಲೋಟ ಹಿಡಿಯುವ ಮುಂಚೆ ಕಡ್ಡಿ ಹುಡುಕುತ್ತಾರೆ. ನೀರು ಇನ್ನು ಎಷ್ಟು ದಿನಕ್ಕೊಮ್ಮೆ ಹಾಕಲಿ ಸರ್?

ಕೆಂಪುಮಣ್ಣು, ಧಾರವಾಡ

ಬಹಳ ಖುಷಿಯಾಯಿತು. ದಿನ ಲೆಕ್ಕ ಹಾಕಬೇಡಿ. ಕಡ್ಡಿ ತಳದವರೆಗೆ ಒಣಗಿ ಬಂದು, ಕಾಳು ಹಿಚುಕಿದರೆ ಸ್ವಲ್ಪ ಮೆತ್ತಗಾಗಿದ್ದರೆ ಆಗ ತೂತಿನಿಂದ ಇಳಿಯುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಬೇಸಿಗೆಯಲ್ಲಿ ಹತ್ತು ದಿನ ಆಗಬಹುದು, ಮಳೆಗಾಲದಲ್ಲಿ ಇಪ್ಪತ್ತು. ಮಾರ್ಚ್ ನಂತರ ಪಶ್ಚಿಮದ ಬಿಸಿಲು ಮಾತ್ರ ತಾಗಿಸಬೇಡಿ, ಕಾಳು ಸುಡುತ್ತವೆ.

ಬಾಲ್ಕನಿತೋಟ, ಹುಬ್ಬಳ್ಳಿ

ಇವತ್ತು ಬನ್ನಿ ಕೊಟ್ಟು ಬಂದ ಮೇಲೆ ಮಗಳು ಕಿಟಕಿಯಿಂದ ಕೂಗಿದಳು. ಸಾಸಿವೆ ಗಾತ್ರದ ಹೊಸ ಕಾಳು, ಒಂದೇ ಎಳೆಯ ತುದಿಯಲ್ಲಿ ಏಳು. ಎಣಿಸಿದ್ದು ಅವಳೇ.