ಅಪ್‌ಡೇಟ್: ರೀಲೋಡಿಂಗ್ ಬೆಂಚು ಮತ್ತೆ ಭುಜ ನೋವು

ಟೆಕ್ಸಾಸಲ್ಲಿ ಗರಾಜಲ್ಲಿ ಕೂತು .308 ರೀಲೋಡ್ (ಹಾರಿಸಿದ ರೈಫಲ್ ಗುಂಡಿನ ಖಾಲಿ ಕೇಸಿಗೆ ಮತ್ತೆ ಪೌಡರ್, ಬುಲೆಟ್ ತುಂಬೋದು) ಮಾಡ್ತಾ ಮಾಡ್ತಾ ಬಲಭುಜ ಹಿಡ್ಕೊಳ್ತಿದೆ, ಬೆಂಚ್ ಹೇಗಿರ್ಬೇಕು ಅಂತ ಕೇಳಿದ್ನಲ್ಲ, ಅದರ ಅಪ್‌ಡೇಟ್. ಪ್ರೆಸ್ (ಕೇಸ್ ಒತ್ತೋ ಲಿವರ್ ಯಂತ್ರ) ಕೆಳಗೆ ಎತ್ತರಿಸೋ ಸ್ಟೀಲ್ ರೈಸರ್ ಹಾಕಿ ಈಗ ನಿಂತ್ಕೊಂಡೇ ಮಾಡ್ತೀನಿ, ಹ್ಯಾಂಡಲ್ ಪೂರ್ತಿ ಕೆಳಗೆ ಬಂದ್ರೂ ಸೊಂಟ ಬಗ್ಗಿಸ್ಬೇಕಿಲ್ಲ, ಬೆಂಚನ್ನೂ ಗೋಡೆಯ ಸ್ಟಡ್‌ಗೆ (ಒಳಗಿನ ಕಂಬಕ್ಕೆ) ಬೋಲ್ಟ್ ಮಾಡಿದ್ರಿಂದ ಅಲ್ಲಾಡೋದು ನಿಂತು ಕೈಗೆ ಶ್ರಮ ಕಮ್ಮಿ ಆಯ್ತು. ಆದ್ರೆ ನನ್ ಪ್ರಕಾರ ಇದೆಲ್ಲಕ್ಕಿಂತ ಕೆಲಸ ಮಾಡಿದ್ದು ಸೈಜಿಂಗ್ ವ್ಯಾಕ್ಸ್ (ಕೇಸನ್ನ ಮತ್ತೆ ಅಳತೆಗೆ ಒತ್ತುವಾಗ ಜಾರಲಿ ಅಂತ ಹಚ್ಚೋ ಮೇಣ), ಕೇಸಿಗೆ ತೆಳ್ಳಗೆ ಸವರಿದ್ರೆ ಲಿವರ್ ಸಲೀಸಾಗಿ ಇಳಿಯುತ್ತೆ (ಜಾಸ್ತಿ ಮೆತ್ತಿದ್ರೆ ಕೇಸಿನ ಶೋಲ್ಡರ್, ಅಂದ್ರೆ ಬಾಯಿ ಕಡೆ ಕಿರಿದಾಗೋ ಜಾಗದ ಹತ್ರ ಡೆಂಟ್ ಬೀಳುತ್ತೆ, ಹುಷಾರು). ಪೌಡರ್ ಸ್ಕೇಲ್‌ನ ಕಣ್ಣಿನ ಮಟ್ಟದ ಶೆಲ್ಫಿಗೆ ಏರಿಸಿದೆ, ಕುತ್ತಿಗೆಗೆ ಆರಾಮ. ಹೆಬ್ಬೆರಳ ಬುಡದ ನೋವು ಮಾತ್ರ ಹೋಗಿಲ್ಲ. ಹ್ಯಾಂಡ್ ಪ್ರೈಮರ್ (ಕೇಸಿನ ತಳಕ್ಕೆ ಕಿಡಿ ಕೊಡೋ ಪ್ರೈಮರನ್ನ ಕೈಯಲ್ಲಿ ಒತ್ತಿ ಕೂರಿಸೋ ಟೂಲ್) ಬಿಟ್ಟು ಬೆಂಚಿಗೆ ಕೂರಿಸೋ ಪ್ರೈಮರ್ ತಗೋಳೋಣ ಅಂತಿದೀನಿ, ಬಳಸಿದವ್ರು ಇದ್ರೆ ಹೇಳಿ.