ರೀಬೂಟ್ ಆದ ಮೇಲೆ ಮೌಂಟ್ ಆಪ್ಶನ್ ಮಾಯ, ಯಾಕೆ?

ಪ್ರಶ್ನೆ: ಮೇಡಂ, ನಮ್ಮ ಆಫೀಸಿನ ಡೆಬಿಯನ್ ಲಿನಕ್ಸ್ ಸರ್ವರಿನಲ್ಲಿ ಎರಡನೇ ಡಿಸ್ಕ್ '/ಡೇಟಾ' ಫೋಲ್ಡರಿನಲ್ಲಿ ಮೌಂಟ್ ಆಗಿದೆ, ಅಂದರೆ ಡಿಸ್ಕಿನಲ್ಲಿರುವುದು ಆ ಫೋಲ್ಡರಿನಲ್ಲಿ ಕಾಣುತ್ತದೆ. ಜನ ಅಪ್‌ಲೋಡ್ ಮಾಡುವ ಫೈಲ್‌ಗಳೆಲ್ಲ ಅಲ್ಲಿಗೇ ಬರುತ್ತವೆ. ಅಲ್ಲಿಂದ ಯಾವ ಪ್ರೋಗ್ರಾಮೂ ಓಡಬಾರದು ಅಂತ 'ಮೌಂಟ್ -ಓ ರಿಮೌಂಟ್,ನೋಎಕ್ಸೆಕ್ /ಡೇಟಾ' ಕೊಟ್ಟೆ. ಕೆಲಸ ಮಾಡಿತು. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ನೋಡಿದರೆ ನೋಎಕ್ಸೆಕ್ ಇಲ್ಲ. ಪ್ರತಿ ಸಲವೂ ಕೊಡಬೇಕಾ?

ಉತ್ತರ: ಬೇಡ ಸರ್. ಮೌಂಟ್ ಕಮಾಂಡಿನಲ್ಲಿ ಕೊಟ್ಟ ಆಪ್ಶನ್ ಕರ್ನಲ್‌ನ (ಲಿನಕ್ಸಿನ ತಿರುಳು) ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಅನ್‌ಮೌಂಟ್ ಮಾಡಿದರೂ ಹೋಯಿತು, ರೀಬೂಟ್ ಆದರೂ ಹೋಯಿತು. ಬೂಟ್ ಆಗುವಾಗ ಸಿಸ್ಟಮ್ ನೋಡುವುದು '/ಇಟಿಸಿ/ಎಫ್‌ಎಸ್‌ಟ್ಯಾಬ್' ಫೈಲನ್ನು. ಅಲ್ಲಿ ಒಂದು ಡಿಸ್ಕಿಗೆ ಒಂದು ಸಾಲು, ಸಾಲಿನಲ್ಲಿ ಆರು ಕಾಲಂ. ನಿಮ್ಮದು ಹೀಗಿರಬೇಕು:

ಯುಯುಐಡಿ=(ನಿಮ್ಮ ಡಿಸ್ಕಿನದು) /ಡೇಟಾ ಇಎಕ್ಸ್‌ಟಿ4 ಡೀಫಾಲ್ಟ್ಸ್,ನೋಎಕ್ಸೆಕ್ 0 2

ನಾಲ್ಕನೇ ಕಾಲಮ್ಮೇ ಆಪ್ಶನ್‌ಗಳ ಜಾಗ. ಕಾಮಾ ಆದ ಮೇಲೆ ಸ್ಪೇಸ್ ಬಿಡಬೇಡಿ. ಬಿಟ್ಟರೆ ಮುಂದಿನ ಕಾಲಂ ಶುರುವಾಯಿತು ಅಂತಲೇ ಲೆಕ್ಕ. ಯುಯುಐಡಿ ಅಂದರೆ ಡಿಸ್ಕಿನ ಗುರುತಿನ ಸಂಖ್ಯೆ, 'ಬಿಎಲ್‌ಕೆಐಡಿ' ಕಮಾಂಡಿನಲ್ಲಿ ಸಿಗುತ್ತದೆ. '/ಡೆವ್/ಎಸ್‌ಡಿಬಿ1' ಅಂತ ಬರೆದರೂ ನಡೆಯುತ್ತದೆ, ಆದರೆ ನಾಳೆ ಇನ್ನೊಂದು ಡಿಸ್ಕ್ ಹಾಕಿದಾಗ ಆ ಹೆಸರು ಬದಲಾದರೆ ಕಷ್ಟ.

ಅಂದಹಾಗೆ, ನೋಎಕ್ಸೆಕ್ ಒಂದನ್ನೇ ನಂಬಿ ಕೂರಬೇಡಿ. ಫೈಲನ್ನು ನೇರವಾಗಿ ಓಡಿಸುವುದನ್ನು ಅದು ತಡೆಯುತ್ತದೆ. 'ಬ್ಯಾಶ್' ಅಂತ ಬರೆದು ಮುಂದೆ ಸ್ಕ್ರಿಪ್ಟ್ ಹೆಸರು ಕೊಟ್ಟರೆ ಆಗಲೂ ಓಡುತ್ತದೆ, ಯಾಕಂದರೆ ಅಲ್ಲಿ ಓಡುತ್ತಿರುವುದು ಬ್ಯಾಶ್. ಸ್ಕ್ರಿಪ್ಟ್ ಅದು ಓದುವ ಫೈಲ್ ಅಷ್ಟೆ.

ಪ್ರಶ್ನೆ: ಬರೆದೆ ಮೇಡಂ. ಆಮೇಲೆ 'ಮೌಂಟ್ -ಎ' ಕೊಟ್ಟೆ, ಎರರ್ ಏನೂ ಬರಲಿಲ್ಲ. ಆದರೆ ಪ್ರೋಗ್ರಾಮ್ ಇನ್ನೂ ಓಡ್ತಾ ಇದೆ! ರೀಬೂಟ್ ಮಾಡಲೇಬೇಕಾ?

ಉತ್ತರ: ಬೇಕಿಲ್ಲ. 'ಮೌಂಟ್ -ಎ' ಈಗಾಗಲೇ ಮೌಂಟ್ ಆಗಿರುವುದನ್ನು ಮುಟ್ಟುವುದೇ ಇಲ್ಲ, ಸುಮ್ನೆ ದಾಟಿ ಹೋಗುತ್ತದೆ. 'ಮೌಂಟ್ -ಓ ರಿಮೌಂಟ್ /ಡೇಟಾ' ಕೊಡಿ. ಡಿಸ್ಕಿನ ಹೆಸರು ಹಾಕದೆ ಬರೀ ಫೋಲ್ಡರ್ ಕೊಟ್ಟರೆ ಎಫ್‌ಎಸ್‌ಟ್ಯಾಬ್ ಓದಿಕೊಂಡು ಅಲ್ಲಿನ ಆಪ್ಶನ್ ಹಾಕುತ್ತದೆ. ಡಿಸ್ಕ್, ಫೋಲ್ಡರ್ ಎರಡನ್ನೂ ಕೊಟ್ಟರೆ ಎಫ್‌ಎಸ್‌ಟ್ಯಾಬನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸುಮಾರು ಜನ ಎಡವುವುದು ಇಲ್ಲೇ.

ಈಗ ಏನಿದೆ ಅಂತ ನೋಡಲು 'ಫೈಂಡ್‌ಎಂಎನ್‌ಟಿ /ಡೇಟಾ'. ಬರೆದದ್ದು ಸರಿ ಇದೆಯಾ ಅಂತ ನೋಡಲು 'ಫೈಂಡ್‌ಎಂಎನ್‌ಟಿ --ವೆರಿಫೈ'. ಎರಡನೆಯದನ್ನು ರೀಬೂಟಿಗೆ ಮುಂಚೆ ತಪ್ಪದೆ ಮಾಡಿ. ಎಫ್‌ಎಸ್‌ಟ್ಯಾಬ್ ತಿದ್ದಿದ ಮೇಲೆ 'ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್' ಕೂಡ ಕೊಡಿ. ಇಲ್ಲದಿದ್ದರೆ ಬೂಟ್ ನಡೆಸುವ ಸಿಸ್ಟಮ್‌ಡಿ ಹಳೇ ಪ್ರತಿಯನ್ನೇ ಇಟ್ಟುಕೊಂಡಿರುತ್ತದೆ.

ಇನ್ನೊಬ್ಬ ಸದಸ್ಯರು: ನನ್ನದೂ ಎಫ್‌ಎಸ್‌ಟ್ಯಾಬ್ ಕಥೆಯೇ ಅಕ್ಕ. ಬ್ಯಾಕಪ್ಪಿನ ಯುಎಸ್‌ಬಿ ಡಿಸ್ಕನ್ನು ಅದರಲ್ಲಿ ಬರೆದಿದ್ದೆ. ಡಿಸ್ಕ್ ತೆಗೆದು ಬೂಟ್ ಮಾಡಿದರೆ ಒಂದೂವರೆ ನಿಮಿಷ ಕಾಯಿಸಿ ಎಮರ್ಜೆನ್ಸಿ ಮೋಡಿಗೆ ಬಂದು ನಿಂತಿದೆ.

ಉತ್ತರ: ಆ ಒಂದೂವರೆ ನಿಮಿಷ ಸಿಸ್ಟಮ್‌ಡಿಯ ಮಾಮೂಲು 90 ಸೆಕೆಂಡ್. ರೂಟ್ (ಅಡ್ಮಿನ್) ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ಎಫ್‌ಎಸ್‌ಟ್ಯಾಬ್ ತಿದ್ದಿ. ಫೈಲ್ ಸೇವ್ ಆಗದಿದ್ದರೆ 'ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /' ಕೊಡಿ. ತಾತ್ಕಾಲಿಕ ಆಪ್ಶನ್ ಇರುವುದೇ ಇಂಥ ಹೊತ್ತಿಗೆ. ರೂಟಿಗೆ ಪಾಸ್‌ವರ್ಡೇ ಇಟ್ಟಿಲ್ಲ ಅಂದರೆ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಫೈಲ್ ತಿದ್ದಿ. ಆ ಸಾಲಿಗೆ 'ನೋಫೇಲ್' ಸೇರಿಸಿದರೆ ಡಿಸ್ಕ್ ಇರಲಿ ಬಿಡಲಿ, ಬೂಟ್ ನಿಲ್ಲುವುದಿಲ್ಲ.

ಆದರೆ ನೋಫೇಲ್ ಹಾಕಿದ ಮೇಲೆ ಇನ್ನೊಂದು ತಲೆನೋವು ಇದೆ. ಡಿಸ್ಕ್ ಇಲ್ಲದಾಗ '/ಬ್ಯಾಕಪ್' ಬರೀ ಖಾಲಿ ಫೋಲ್ಡರ್. ರಾತ್ರಿ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವುದು) ಓಡುತ್ತದೆ, ಬ್ಯಾಕಪ್ ಪೂರ್ತಿ ಸಿಸ್ಟಮ್ ಇರುವ ರೂಟ್ ಡಿಸ್ಕಿಗೇ ಬೀಳುತ್ತದೆ, ಡಿಸ್ಕ್ ತುಂಬಿ ಸರ್ವರ್ ಮಲಗುತ್ತದೆ. ಆಮೇಲೆ ಯುಎಸ್‌ಬಿ ಸಿಕ್ಕಿಸಿ ಮೌಂಟ್ ಮಾಡಿದರೆ ಆ ಫೈಲ್‌ಗಳು ಅಡಿಯಲ್ಲಿ ಮುಚ್ಚಿಹೋಗುತ್ತವೆ. ಡಿಸ್ಕಿನ ಜಾಗ ತೋರಿಸುವ 'ಡಿಎಫ್' ರೂಟ್ ಫುಲ್ ಅನ್ನುತ್ತದೆ, ಫೈಲ್‌ಗಳ ಗಾತ್ರ ಕೂಡುವ 'ಡಿಯು' ಎಷ್ಟು ಹುಡುಕಿದರೂ ಲೆಕ್ಕ ಕೂಡುವುದಿಲ್ಲ. ಅದಕ್ಕೆ ಅನ್‌ಮೌಂಟ್ ಆಗಿರುವಾಗಲೇ ಆ ಖಾಲಿ ಫೋಲ್ಡರಿಗೆ 'ಸಿಎಚ್ಎಟಿಟಿಆರ್ +ಐ' ಹಾಕಿಬಿಡಿ. ಡಿಸ್ಕ್ ಇಲ್ಲದಾಗ ಅಲ್ಲಿ ರೂಟ್ ಯೂಸರ್ ಕೂಡ ಬರೆಯಲಾಗದು. ಬ್ಯಾಕಪ್ ಎರರ್ ಕೊಟ್ಟು ನಿಲ್ಲುತ್ತದೆ, ನಮಗೆ ಬೇಕಾದದ್ದೂ ಅದೇ ಅಲ್ವಾ? ಡಿಸ್ಕ್ ಮೌಂಟ್ ಆದಾಗ ಇದರಿಂದ ಏನೂ ತೊಂದರೆಯಿಲ್ಲ.

ಪ್ರಶ್ನೆ: 'ಟ್ಯೂನ್2ಎಫ್‌ಎಸ್ -ಓ' ಕೊಟ್ಟರೆ ಆಪ್ಶನ್ ಡಿಸ್ಕಿನಲ್ಲೇ ಉಳಿಯುತ್ತದಂತೆ. ಅದಾದರೆ ಎಫ್‌ಎಸ್‌ಟ್ಯಾಬ್ ಗೋಜೇ ಇಲ್ಲವಲ್ಲ?

ಉತ್ತರ: ಉಳಿಯುತ್ತದೆ, ಸೂಪರ್‌ಬ್ಲಾಕಿನಲ್ಲಿ (ಡಿಸ್ಕಿನ ವಿವರಗಳನ್ನು ಡಿಸ್ಕಿನಲ್ಲೇ ಬರೆದಿಡುವ ಜಾಗ). ಡಿಸ್ಕನ್ನು ಬೇರೆ ಮೆಷಿನ್ನಿಗೆ ಹಾಕಿದರೂ ಜೊತೆಗೇ ಹೋಗುತ್ತದೆ. ಆದರೆ ಇಎಕ್ಸ್‌ಟಿ ಫೈಲ್‌ಸಿಸ್ಟಮ್ ಕುಟುಂಬದ ಸ್ವಂತ ಆಪ್ಶನ್‌ಗಳಿಗೆ ಮಾತ್ರ, ಉದಾಹರಣೆಗೆ 'ಡಿಸ್ಕಾರ್ಡ್'. ನಿಮ್ಮ ನೋಎಕ್ಸೆಕ್ ಅಲ್ಲಿ ಇಡಲು ಬರುವುದಿಲ್ಲ. ಇಡಲು ಬಂದರೂ ನಾನಂತೂ ಇಡುವುದಿಲ್ಲ. ಎಫ್‌ಎಸ್‌ಟ್ಯಾಬ್ ಆದರೆ ನಿಮ್ಮ ನಂತರ ಬರುವವರು ತೆರೆದ ಕೂಡಲೇ ಕಾಣುತ್ತದೆ. ಸೂಪರ್‌ಬ್ಲಾಕಿನಲ್ಲಿ ಏನಿದೆ ಅಂತ ನೋಡಬೇಕೆಂದರೆ 'ಟ್ಯೂನ್2ಎಫ್‌ಎಸ್ -ಎಲ್' ಹೊಡೆಯಬೇಕು, ಅದು ಯಾರಿಗೂ ಹೊಳೆಯುವುದಿಲ್ಲ.